ಶುಗರ್ ಇರುವ ಅಪ್ಪ, 7 ವರ್ಷದ ಮಗಳು, ಬಸವನಗುಡಿಯ ತಿಂಡಿ ನಡಿಗೆ

ದಾವಣಗೆರೆಯ ಓದುಗರೊಬ್ಬರ ಪ್ರಶ್ನೆ:

"ಹೋದ ವರ್ಷ ಬೆಂಗಳೂರಿಗೆ ಬಂದಿದ್ದಾಗ ಒಂದು ಹಳೇ ಬಡಾವಣೆಯಲ್ಲಿ ದುಡ್ಡು ಕೊಟ್ಟು ಫುಡ್ ವಾಕ್‌ಗೆ ಹೋಗಿದ್ದೆವು. ನಾನು, ನಮ್ಮನೆಯವರು, 7 ವರ್ಷದ ಮಗಳು. ಸಂಜೆ 6ರಿಂದ 9ರೊಳಗೆ 9 ಕಡೆ ತಿನ್ನಿಸಿದರು. ಪಾನಿಪುರಿ, ಐಸ್ ಹಾಕಿದ ಜ್ಯೂಸ್, ಒಬ್ಬಟ್ಟು, ಕೊನೆಗೆ ಮಸಾಲೆ ದೋಸೆ. ರಾತ್ರಿ 11ಕ್ಕೆ ಮಗಳಿಗೆ ವಾಂತಿ. ಮಾರನೇ ದಿನ ಮಧ್ಯಾಹ್ನ ನನಗೆ ಭೇದಿ. ಆ ದೋಸೆಯೇ ಕಾರಣ ಅಂತ ನಮ್ಮ ಅನುಮಾನ. ಗೈಡ್ 'ಬೆಂದಕಾಳೂರೇ ಬೆಂಗಳೂರಾಯ್ತು' ಅಂತ ಕಥೆ ಹೇಳಿದ್ದರು. ಊರಿಗೆ ಹೋಗಿ ಅಪ್ಪನಿಗೆ ಹೇಳಿದರೆ 'ಅದೆಲ್ಲ ಕಟ್ಟುಕಥೆ' ಅಂದುಬಿಟ್ಟರು. ಅವರು ರಿಟೈರ್ಡ್ ಕನ್ನಡ ಮೇಷ್ಟ್ರು. ಈ ಸಲ ಕಡಲೆಕಾಯಿ ಪರಿಷೆಗೆ ಅವರನ್ನೂ ಕರೆದುಕೊಂಡು ಬರುವ ಆಸೆ. ಅವರಿಗೆ 71 ವರ್ಷ. ಶುಗರ್ ಮಾತ್ರೆ ತಗೊಳ್ತಾರೆ, ಮಂಡಿನೋವು ಇದೆ. ಅವರಿಗೆ ಬಸವನಗುಡಿಯಲ್ಲಿ ಇಂಥ ನಡಿಗೆ ಮಾಡಿಸಬಹುದಾ? ಗೈಡ್ ಬೇಕಾ, ನಾವೇ ಸುತ್ತಿದರೆ ಸಾಕಾ?"

ಉತ್ತರ:

ಖಂಡಿತ ಕರೆದುಕೊಂಡು ಬನ್ನಿ. ಆದರೆ ಪರಿಷೆಯ ಸೋಮವಾರ ಬೇಡ, 9 ಕಡೆ ತಿನ್ನುವುದು ಬೇಡ, ಅಪ್ಪ ಬರೀ ಹೊಟ್ಟೆಯಲ್ಲಿ ಹೊರಡುವುದಂತೂ ಬೇಡವೇ ಬೇಡ.

ನಿಮ್ಮ ಪತ್ರದಲ್ಲಿ ಎರಡು ಭಯ ಕಾಣುತ್ತವೆ. ಮತ್ತೆ ಹೊಟ್ಟೆ ಕೆಟ್ಟರೆ ಏನು ಗತಿ ಅನ್ನುವುದು ಒಂದು. ಗೈಡ್ ಏನೇನೋ ಹೇಳಿ ಅಪ್ಪನ ದಿನ ಹಾಳಾದರೆ ಅನ್ನುವುದು ಇನ್ನೊಂದು. ನಾನು ಮೊದಲು ಹೋಟೆಲ್ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದವನು. ಆಮೇಲೆ ಬಸವನಗುಡಿ ಸುತ್ತಮುತ್ತ ಜನರನ್ನು ನಡೆಸಿ ತೋರಿಸುವ ಕೆಲಸಕ್ಕೆ ಬಂದೆ. ಹಾಗಾಗಿ ಈ ಎರಡೂ ಭಯ ನನಗೆ ಚೆನ್ನಾಗಿ ಗೊತ್ತು. ಎರಡಕ್ಕೂ ಕಾರಣ ಇದೆ. ಆದರೆ ನೀವು ಅನುಮಾನಪಟ್ಟ ಜಾಗ ಮಾತ್ರ ಸರಿಯಿಲ್ಲ.

ಮೊದಲು ಆ ದೋಸೆಯ ವಿಷಯ. ಕೊನೆಗೆ ತಿಂದದ್ದರ ಮೇಲೆ ತಪ್ಪು ಹೊರಿಸುವುದು ಎಲ್ಲರ ಅಭ್ಯಾಸ. ಆದರೆ ಹೊಟ್ಟೆ ಹಾಗೆ ಲೆಕ್ಕ ಇಡುವುದಿಲ್ಲ. ಆಹಾರದಲ್ಲಿ ಮೊದಲೇ ವಿಷ ಕೂಡಿದ್ದರೆ ಅರ್ಧ ಗಂಟೆಯಿಂದ 6 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ನೀರಿನಿಂದಲೋ ಕೈಯಿಂದಲೋ ಬಂದ ರೋಗಾಣು ಹೊಟ್ಟೆಗೆ ಹೋಗಿ ಬೆಳೆಯಬೇಕಾದರೆ 12 ಗಂಟೆಯೂ ಆಗಬಹುದು, ಎರಡು ಮೂರು ದಿನವೂ ಆಗಬಹುದು. ಮಗಳಿಗೆ ರಾತ್ರಿ 11ಕ್ಕೆ, ನಿಮಗೆ ಮಾರನೇ ದಿನ ಮಧ್ಯಾಹ್ನ. ನಿಮ್ಮಿಬ್ಬರಿಗೂ ಒಂದೇ ಪದಾರ್ಥ ಕಾರಣ ಅಂತ ಹೇಳುವ ಹಾಗೇ ಇಲ್ಲ. ನಿಮ್ಮದಂತೂ ಹಿಂದಿನ ದಿನ ಬಸ್‌ಸ್ಟ್ಯಾಂಡಿನಲ್ಲಿ ಕುಡಿದ ನೀರಿನಿಂದಲೂ ಬಂದಿರಬಹುದು.

ಒಂದು ದೋಸೆ ಹೇಗೆ ಆಗುತ್ತದೆ ಅಂತ ನೋಡಿ. ಭಟ್ಟರು ಕಾವಲಿಗೆ ನೀರು ಚಿಮುಕಿಸುತ್ತಾರೆ. ಚುಂಯ್ ಅಂತ ಹನಿಗಳು ಕುಣಿದು ಮಾಯವಾಗುತ್ತವೆ. ಕಡ್ಡಿಪೊರಕೆಯಲ್ಲಿ ಒಂದು ಸಲ ಬಳಿದು, ಬಟ್ಟಲಿನಿಂದ ಹಿಟ್ಟು ಹುಯ್ದು, ತಿರುಗಿಸಿ ಹರಡಿ, ಸುತ್ತ ತುಪ್ಪವೋ ಎಣ್ಣೆಯೋ ಬಿಡುತ್ತಾರೆ. ಸಾಲಾಗಿ ಹತ್ತು ಹನ್ನೆರಡು ದೋಸೆ. ಅಂಚು ಕೆಂಪಗಾಗುವ ಹೊತ್ತಿಗೆ ಹಿಟ್ಟಿನಲ್ಲಿದ್ದ ರೋಗಾಣು ಉಳಿಯುವುದಿಲ್ಲ. ಆ ದೋಸೆ ನೇರ ನಿಮ್ಮ ತಟ್ಟೆಗೆ ಬರುತ್ತದೆ. ನಡಿಗೆಯಲ್ಲಿ ತಿನ್ನುವುದರಲ್ಲಿ ಇದಕ್ಕಿಂತ ಸುರಕ್ಷಿತವಾದದ್ದು ಕಡಿಮೆ. ತೊಂದರೆ ದೋಸೆಯ ಒಳಗಿರುವ ಪಲ್ಯದಲ್ಲಿ, ಪಕ್ಕದಲ್ಲಿರುವ ಚಟ್ನಿಯಲ್ಲಿ. ಪಲ್ಯ ಬೆಳಗ್ಗೆ ಬೇಯಿಸಿದ್ದಾಗಿದ್ದು, ಬಿಸಿ ಇಲ್ಲದೆ ಸಂಜೆವರೆಗೆ ಕೂತಿದ್ದರೆ ಕಷ್ಟ. ಚಟ್ನಿ ಇನ್ನೂ ಸೂಕ್ಷ್ಮ. ಹಸಿ ತೆಂಗಿನಕಾಯಿ, ಹುರಿಗಡಲೆ, ನೀರು. ಅದನ್ನು ಬೇಯಿಸುವುದೇ ಇಲ್ಲ. ಮೇಲೊಂದು ಒಗ್ಗರಣೆ ಬಿದ್ದರೆ ಮುಗೀತು. ಸೆಕೆಯಲ್ಲಿ ಕೆಲವೇ ಗಂಟೆಯಲ್ಲಿ ಹುಳಿ ವಾಸನೆ ಶುರುವಾಗುತ್ತದೆ.

ಅಡುಗೆಮನೆಯಲ್ಲಿದ್ದಾಗ ನಾನು ಕಲಿತ ಒಂದು ಗುರುತು ಹೇಳುತ್ತೇನೆ. ಚಟ್ನಿ ಬಕೆಟ್ ಖಾಲಿಯಾಗುತ್ತಾ ಬಂದಾಗ ಏನು ಮಾಡುತ್ತಾರೆ ಅಂತ ಗಮನಿಸಿ. ಒಳ್ಳೇ ಕಡೆ ಹಳೇ ಬಕೆಟ್ ಒಳಗೆ ಹೋಗುತ್ತದೆ, ತೊಳೆದ ಬಕೆಟ್‌ನಲ್ಲಿ ಹೊಸ ಚಟ್ನಿ ಬರುತ್ತದೆ. ಉಳಿದ ಹಳೇ ಚಟ್ನಿ ಮೇಲೇ ಹೊಸದನ್ನು ಸುರಿಯುವ ಕಡೆ ನಾನು ದೋಸೆ ಮಾತ್ರ ತಿಂದು ಎದ್ದುಬರುತ್ತೇನೆ.

"ಜನ ಜಾಸ್ತಿ ಇರುವ ಕಡೆ ತಿನ್ನಿ, ಏನೂ ಆಗಲ್ಲ" ಅನ್ನುತ್ತಾರಲ್ಲ, ಅದು ಅರ್ಧ ನಿಜ. ಜನ ಜಾಸ್ತಿ ಇದ್ದರೆ ಯಾವುದೂ ತಣ್ಣಗೆ ಕೂರುವುದಿಲ್ಲ, ಅದು ಒಳ್ಳೇದು. ಆದರೆ ತಳ್ಳುಗಾಡಿಯ ಮುಂದೆ ಜನ ಮುತ್ತಿದಾಗ ತಟ್ಟೆ ತೊಳೆಯುವ ಬಕೆಟ್ ನೀರು ಬದಲಾಗುವುದೇ ಇಲ್ಲ. ಪಾನಿಪುರಿಯ ಪಾನಿ, ಮೊದಲೇ ಕತ್ತರಿಸಿಟ್ಟ ಹಣ್ಣು, ಜ್ಯೂಸಿನ ಐಸ್ ಇವುಗಳಿಗೆ ಜನಸಂದಣಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಐಸ್ ಯಾವ ನೀರಿನದು, ಯಾವ ನೆಲದ ಮೇಲೆ ಒಡೆದದ್ದು ಅಂತ ಅಂಗಡಿಯವರಿಗೂ ಗೊತ್ತಿರುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಪಾನಿಪುರಿ ಮತ್ತು ಜ್ಯೂಸ್.

ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. 7 ವರ್ಷದ ಮಗು 3 ಗಂಟೆಯಲ್ಲಿ ಖಾರ, ಹುಳಿ, ತುಪ್ಪ, ಬೆಲ್ಲ, ಐಸ್ ಎಲ್ಲ ತಿಂದರೆ ಯಾವ ರೋಗಾಣುವೂ ಇಲ್ಲದೆ ವಾಂತಿ ಮಾಡಿಕೊಳ್ಳಬಹುದು. ಪ್ಯಾಕೇಜ್ ದುಡ್ಡು ಕೊಟ್ಟಿದ್ದೇವೆ, ಬಿಡಬಾರದು ಅಂತ ತಿನ್ನುತ್ತೇವೆ, ಅಲ್ವಾ? ಎಷ್ಟು ಕಡೆ ತಿನ್ನಿಸುತ್ತೇವೆ ಅನ್ನುವುದನ್ನೇ ದೊಡ್ಡದು ಮಾಡಿ ಮಾರುವ ನಡಿಗೆಗಳನ್ನು ಕಂಡರೆ ನನಗೆ ಬೇಜಾರು. ನಾನು 4 ಕಡೆಗಿಂತ ಜಾಸ್ತಿ ನಿಲ್ಲಿಸುವುದಿಲ್ಲ. ಮೂವರಿಗೆ ಒಂದು ದೋಸೆ, ಇಬ್ಬರಿಗೆ ಒಂದು ಕಾಫಿ. ಬೈ ಟು ಕೇಳಿದರೆ ಬೆಂಗಳೂರಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ಅಪ್ಪನ ಶುಗರ್. ಸಿಹಿ ತಿನ್ನದಿದ್ದರೆ ಸಾಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಡ್ಲಿ, ದೋಸೆ, ಖಾರಾಬಾತ್ ಎಲ್ಲವೂ ಅಕ್ಕಿ, ರವೆ. ಅವೂ ಶುಗರ್ ಏರಿಸುತ್ತವೆ. ಆದರೆ ನಡಿಗೆಯಲ್ಲಿ ನನಗೆ ಹೆಚ್ಚು ಹೆದರಿಕೆ ಶುಗರ್ ಏರುವುದಕ್ಕಲ್ಲ, ಇಳಿಯುವುದಕ್ಕೆ.

ನಾನು ಈ ಕೆಲಸ ಶುರು ಮಾಡಿದ ಹೊಸದರಲ್ಲಿ ನಡೆದದ್ದು. ಒಬ್ಬ ಹಿರಿಯರು, "ಹೇಗೂ ತಿಂಡಿ ನಡಿಗೆ ಅಲ್ವಾ" ಅಂತ ಮನೆಯಲ್ಲಿ ಏನೂ ತಿನ್ನದೆ, ಮಾತ್ರೆ ಮಾತ್ರ ನುಂಗಿ ಬಂದಿದ್ದರು. ನಾನು ಹುಮ್ಮಸ್ಸಿನಲ್ಲಿ ಮುಕ್ಕಾಲು ಗಂಟೆ ಬರೀ ಇತಿಹಾಸ ಹೇಳುತ್ತಾ ನಡೆಸಿದೆ. ಬ್ಯೂಗಲ್ ರಾಕ್ ಹತ್ತಿರ ಅವರ ಮಾತು ತೊದಲಿತು. ಬೆಳಗಿನ ಚಳಿಯಲ್ಲೂ ಅಂಗಿ ಬೆವರಿನಲ್ಲಿ ಒದ್ದೆ. ಗುಂಪಿನಲ್ಲಿದ್ದ ಒಬ್ಬರು ಚೀಲದಿಂದ ಮೈಸೂರ್ ಪಾಕ್ ತೆಗೆದರು. ಪುಣ್ಯಕ್ಕೆ ಅಲ್ಲೇ ಇದ್ದ ನರ್ಸ್ ಒಬ್ಬರು ತಡೆದು, ನೀರಿಗೆ ಸಕ್ಕರೆ ಹಾಕಿ ಕುಡಿಸಿದರು. ತುಪ್ಪದ ಸಿಹಿ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ, ಆ ಹೊತ್ತಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಅವರು ಹದಿನೈದು ನಿಮಿಷದಲ್ಲಿ ಚೇತರಿಸಿಕೊಂಡರು. ಆವತ್ತಿನಿಂದ ನನ್ನ ನಡಿಗೆ ಶುರುವಾಗುವುದೇ ತಿಂಡಿಯಿಂದ, ಇತಿಹಾಸ ಆಮೇಲೆ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರುತ್ತದೆ.

ಅಪ್ಪ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ ಈ ಅಪಾಯ ಜಾಸ್ತಿ. ಮೆಟ್‌ಫಾರ್ಮಿನ್ ಒಂದೇ ಆದರೆ ಕಡಿಮೆ. ಹೊರಡುವ ಮುಂಚೆ ಅವರ ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳಿ: "ಅವತ್ತು ತಿಂಡಿ ಹೊತ್ತು ಹೆಚ್ಚುಕಡಿಮೆ ಆಗುತ್ತದೆ, ನಡೆಯೋದೂ ಇದೆ, ಮಾತ್ರೆ ಹೇಗೆ ತಗೊಳ್ಳಲಿ?" ನೀವೇ ಮಾತ್ರೆ ಬಿಡಿಸಬೇಡಿ. ನಡುಕ, ಬೆವರು, ತೊದಲು ಕಂಡರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಕೂರಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಹೋಗಿ.

ಇನ್ನು ಕಥೆಗಳು. ನಿಮ್ಮ ಅಪ್ಪ ಹೇಳಿದ್ದು ಸರಿ. ಹೊಯ್ಸಳ ರಾಜ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದ, ಒಬ್ಬ ಅಜ್ಜಿ ಬೇಯಿಸಿದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಅಂತ ಹೆಸರು ಬಂತು ಅನ್ನುವುದು ಕಥೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 12ನೇ ಶತಮಾನದ ಕೊನೆಗೆ. ಆದರೆ ಬೇಗೂರಿನ ನಾಗನಾಥೇಶ್ವರ ದೇವಸ್ಥಾನದಲ್ಲಿರುವ ಗಂಗರ ಕಾಲದ ವೀರಗಲ್ಲು 'ಬೆಂಗಳೂರ ಕಾಳಗ'ದ ಮಾತಾಡುತ್ತದೆ. ಅದರ ಕಾಲ ಸುಮಾರು ಕ್ರಿ.ಶ. 890. ರಾಜ ಹುಟ್ಟುವ ಮುಂಚೆಯೇ ಊರಿಗೆ ಹೆಸರಿತ್ತು.

ಹಾಗಂತ ಗೈಡ್ ಕಥೆ ಹೇಳಲೇಬಾರದು ಅಂತ ನಾನು ಹೇಳುವುದಿಲ್ಲ. ಕಥೆಯನ್ನು ಕಥೆ ಅಂತ ಹೇಳಲಿ. ಕಡಲೆಕಾಯಿ ಪರಿಷೆಯದ್ದೇ ನೋಡಿ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರ ಕಡಲೆಕಾಯಿ ಬೆಳೆಯನ್ನು ಒಂದು ಬಸವ ರಾತ್ರಿಹೊತ್ತು ಮೇಯುತ್ತಿತ್ತು. ರೈತರು ಹೊಡೆಯಲು ಹೋದಾಗ ಅದು ಕಲ್ಲಾಯಿತು. ಕೆಂಪೇಗೌಡರು ಗುಡಿ ಕಟ್ಟಿಸಿದರು, ರೈತರು ವರ್ಷವರ್ಷ ಮೊದಲ ಫಸಲು ತಂದು ಒಪ್ಪಿಸಿದರು. ಗುಡಿಯನ್ನು ಹೆಚ್ಚಿನವರು 1537ಕ್ಕೆ, ಅಂದರೆ ಕೆಂಪೇಗೌಡರು ಪೇಟೆ ಕಟ್ಟಿದ ಕಾಲಕ್ಕೆ ಸೇರಿಸುತ್ತಾರೆ. ಆದರೆ ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಪೋರ್ಚುಗೀಸರ ಹಡಗು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಅವರು ಬ್ರೆಜಿಲ್ ತಲುಪಿದ್ದು 1500ರಲ್ಲಿ. 40 ವರ್ಷದೊಳಗೆ ಅದು ಸಮುದ್ರ ದಾಟಿ, ಘಟ್ಟ ಹತ್ತಿ, ಸುಂಕೇನಹಳ್ಳಿಯ ಹೊಲ ತುಂಬಿತ್ತು ಅನ್ನುವುದು ನಂಬಲು ಕಷ್ಟ. ಬಹುಶಃ ಗುಡಿ ಮೊದಲು, ಕಡಲೆಕಾಯಿ ಆಮೇಲೆ, ಎರಡನ್ನೂ ಕೂಡಿಸಿದ ಕಥೆ ಇನ್ನೂ ಆಮೇಲೆ.

ಪರಿಷೆ ಮಾತ್ರ ಅಪ್ಪಟ ನಿಜ. ಕಾರ್ತಿಕದ ಕಡೇ ಸೋಮವಾರ ಈಗಲೂ ಲಾರಿಗಟ್ಟಲೆ ಕಾಯಿ ಬರುತ್ತದೆ. ಬುಲ್ ಟೆಂಪಲ್ ರಸ್ತೆಯಲ್ಲಿ ಗೋಣಿತಾಟಿನ ಮೇಲೆ ರಾಶಿ ಹಾಕಿ, ಸೇರಿನಲ್ಲಿ ಅಳೆದು ಕೊಡುತ್ತಾರೆ. ಮುಂದೆ ಕೂತ ರೈತರನ್ನು ಮಾತಾಡಿಸಿ, ಯಾವ ಊರು, ಎರಡು ಬೀಜದ್ದಾ ಮೂರು ಬೀಜದ್ದಾ, ಮಳೆ ಹೇಗಾಯ್ತು ಅಂತ. ಯಾವ ಗೈಡ್ ಹೇಳಿದ್ದಕ್ಕಿಂತ ಅದು ಚೆನ್ನಾಗಿರುತ್ತದೆ.

ಗೈಡ್ ಒಳ್ಳೆಯವರಾ ಅಂತ ತಿಳಿಯಲು ಒಂದು ಪ್ರಶ್ನೆ ಸಾಕು: "ಇದು ನಿಮಗೆ ಹೇಗೆ ಗೊತ್ತು?" ಉದಾಹರಣೆಗೆ ರವೆ ಇಡ್ಲಿ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಿದ್ದಾಗ ತಾವೇ ಅದನ್ನು ಮೊದಲು ಮಾಡಿದ್ದು ಅಂತ ಎಂಟಿಆರ್‌ನವರು ಹೇಳುತ್ತಾರೆ. ಇದು ಹೋಟೆಲಿನವರ ಮಾತು. ಅದಕ್ಕೆ ಹೊಂದುವ ಒಂದು ಸಂಗತಿ ಇತಿಹಾಸದಲ್ಲಿದೆ. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಒಳ್ಳೇ ಗೈಡ್ ಈ ಎರಡನ್ನೂ ಬೇರೆ ಬೇರೆ ಮಾಡಿ ಹೇಳುತ್ತಾರೆ. ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳುವವರ ಬಗ್ಗೆ ಎಚ್ಚರ ಇರಲಿ.

ಅಪ್ಪನಂಥವರಿಗೆ ಬಸವನಗುಡಿಯಲ್ಲಿ ನಿಜವಾಗಿ ರುಚಿಸುವುದು, ಇಷ್ಟೊಂದು ತಿಂಡಿ ಹೋಟೆಲ್ ಇಲ್ಲೇ ಯಾಕೆ ಬಂದವು ಅನ್ನುವ ವಿಷಯ. ಈ ಬಡಾವಣೆಯನ್ನು ಯೋಜನೆ ಮಾಡಿದ್ದು 1890ರ ದಶಕದಲ್ಲಿ. 1898ರಲ್ಲಿ ಪೇಟೆಗೆ ಪ್ಲೇಗ್ ಬಡಿಯಿತು. ಇಕ್ಕಟ್ಟಿನ ಬೀದಿ ಬಿಟ್ಟು ಜನ ಇಲ್ಲಿಗೂ ಮಲ್ಲೇಶ್ವರಕ್ಕೂ ಬಂದರು. ಮೊದಲೇ ಯೋಜನೆ ಹಾಕಿ ಕಟ್ಟಿದ್ದಕ್ಕೇ ಇಲ್ಲಿ ರಸ್ತೆ ನೇರ, ಮನೆ ಹಿಂದೆ ಗಲೀಜು ಸಾಗಿಸುವ ಓಣಿ. 1917ರಲ್ಲಿ ನ್ಯಾಷನಲ್ ಶಾಲೆ ಬಂತು. ಓದುವ ಹುಡುಗರು, ರೂಮು ಮಾಡಿಕೊಂಡಿದ್ದ ಗುಮಾಸ್ತರು ಬಂದರು. ಮನೆಯಿಂದ ದೂರ ಇದ್ದವರಿಗೆ ಕಡಿಮೆ ಕಾಸಿಗೆ ತಿಂಡಿ ಬೇಕಿತ್ತು. ಕರಾವಳಿಯಿಂದ ಬಂದ ಅಡುಗೆಯವರು ಅದನ್ನು ಕೊಟ್ಟರು. ಗಾಂಧಿ ಬಜಾರಿನಲ್ಲಿ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನದ ಹೆಸರಲ್ಲೇ ಆ ಗಿರಾಕಿಗಳು ಇದ್ದಾರೆ.

ಹೆಚ್ಚಿನ ನಡಿಗೆಗಳು ಬಿಟ್ಟುಬಿಡುವ ಇನ್ನೊಂದು ಮಾತಿದೆ. 1924ರಲ್ಲಿ ಶುರುವಾದ ಎಂಟಿಆರ್‌ನ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಆ ಕಾಲದಲ್ಲಿ ಯಾರು ಅಡುಗೆ ಮಾಡಿದರು ಅಂತ ಕೇಳಿಯೇ ಜನ ಹೊರಗೆ ತಿನ್ನುತ್ತಿದ್ದರು. ಯಾರು ಒಳಗೆ ಕೂರಬಹುದು, ಯಾರು ಕೂರುವ ಹಾಗಿಲ್ಲ ಅನ್ನುವುದೂ ಹೋಟೆಲುಗಳಲ್ಲಿ ಇತ್ತು. ಇವತ್ತು ಎಲ್ಲರೂ ಒಂದೇ ಮೇಜಿನಲ್ಲಿ ಭುಜಕ್ಕೆ ಭುಜ ತಾಗಿಸಿ ತಿನ್ನುತ್ತೇವಲ್ಲ, ಅದು ಸುಮ್ನೆ ಬಂದದ್ದಲ್ಲ. ನಾನು ಇದನ್ನು ಪ್ರತಿ ಸಲ ಹೇಳುತ್ತೇನೆ. ಕೆಲವರಿಗೆ ಇರಿಸುಮುರಿಸಾಗುತ್ತದೆ, ಆದರೂ ಹೇಳುತ್ತೇನೆ.

ಹಾಗಾದರೆ ಗೈಡ್ ಬೇಕಾ? ಗುಂಪಿನ ಜೊತೆ ಹೋದರೆ ಖರ್ಚು ಕಡಿಮೆ, ಆದರೆ ಅಪ್ಪನ ಮಂಡಿಗೆ ಗುಂಪು ಕಾಯುವುದಿಲ್ಲ. 20 ಜನರ ಗುಂಪಿಗೆ ಸೇರಲೇಬೇಡಿ. ಕೆಲವು ಗೈಡ್‌ಗಳಿಗೆ ಅಂಗಡಿಗಳಿಂದ ಕಮಿಷನ್ ಇರುತ್ತದೆ, ನಿಲ್ಲುವ ಜಾಗ ಅದರ ಮೇಲೆ ನಿಂತಿರುತ್ತದೆ. ಮೊದಲೇ ನೇರವಾಗಿ ಕೇಳಿ. ನಿಮ್ಮ ಮನೆಯವರಿಗೆ ಮಾತ್ರ ಅಂತ ಗೈಡ್ ಗೊತ್ತು ಮಾಡಿದರೆ ದುಡ್ಡು ಜಾಸ್ತಿ, ಆದರೆ ಎಲ್ಲಿ ಕೂರಬೇಕು, ಎಷ್ಟು ಹೊತ್ತು, ಶೌಚಾಲಯ ಎಲ್ಲಿ ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ. ಶುಗರ್ ಇರುವವರಿಗೆ ಕೊನೆಯದು ಸಣ್ಣ ವಿಷಯ ಅಲ್ಲ. ನೀವೇ ಸುತ್ತಿದರೆ ತಿನ್ನುವುದಕ್ಕೆ ಯಾವ ಕಷ್ಟವೂ ಇಲ್ಲ. ಇತಿಹಾಸ ಮಾತ್ರ ಕೈತಪ್ಪುತ್ತದೆ. ನಿಮ್ಮ ಜೊತೆ ಕನ್ನಡ ಮೇಷ್ಟ್ರು ಇದ್ದಾರೆ. ನನ್ನ ಪ್ರಕಾರ ನಿಮಗೆ ಗೈಡ್ ಬೇಡ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಪರಿಷೆಯ ಸೋಮವಾರ ಕಾಲಿಡಲು ಜಾಗ ಇರುವುದಿಲ್ಲ, ಗಾಡಿಯೂ ಒಳಗೆ ಬಿಡುವುದಿಲ್ಲ. ಅಂಗಡಿಗಳು ಹಿಂದಿನ ಶನಿವಾರ, ಭಾನುವಾರವೇ ಕೂತಿರುತ್ತವೆ. ಶನಿವಾರ ಬೆಳಗ್ಗೆ 7ಕ್ಕೆ ಬನ್ನಿ. ಮೆಟ್ರೋದಲ್ಲಾದರೆ ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಆಟೋ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಅಪ್ಪನಿಗೆ ಮೊದಲು ಎರಡು ಇಡ್ಲಿ. ಭಾನುವಾರ ಅವರಿಗೆ ರಜ, ಅದಕ್ಕೇ ಶನಿವಾರ ಅಂದದ್ದು. ಅಲ್ಲಿ ಸಾಂಬಾರ್ ಕೊಡುವುದಿಲ್ಲ, ಚಟ್ನಿ ಮಾತ್ರ. ಬೆಳಗಿನ ಹೊತ್ತು ಅದು ಕೂರುವುದೇ ಇಲ್ಲ, ಖರ್ಚಾಗುತ್ತಲೇ ಇರುತ್ತದೆ. ನಿಂತು ತಿನ್ನುವ ಜಾಗ ಅದು, ಮಂಡಿನೋವು ಇದೆಯಲ್ಲ, ಒಂದು ಮಡಚುವ ಸ್ಟೂಲ್ ತನ್ನಿ. ಆಮೇಲೆ ಗಾಂಧಿ ಬಜಾರಿಗೆ ಬಂದು ಹೂವಿನ ಅಂಗಡಿಗಳ ಮುಂದೆ ನಿಧಾನವಾಗಿ ನಡೆಯಿರಿ. ವಿದ್ಯಾರ್ಥಿ ಭವನದಲ್ಲಿ ಕ್ಯೂ ಇದ್ದೇ ಇರುತ್ತದೆ. ಹೆಸರು ಬರೆಸಿ, ಅಪ್ಪನನ್ನು ಎಲ್ಲಾದರೂ ಕೂರಿಸಿ. ನಿಮ್ಮೂರಿನ ಬೆಣ್ಣೆ ದೋಸೆ ತಿಂದು ಬೆಳೆದ ನಾಲಿಗೆಗೆ ಇಲ್ಲಿನ ದಪ್ಪ, ಕೆಂಪನೆ, ಗರಿಗರಿ ದೋಸೆ ಬೇರೆಯೇ ಅನ್ನಿಸುತ್ತದೆ. ಮೂವರಿಗೆ ಒಂದು ಸಾಕು. ಶುಕ್ರವಾರ ಮಾತ್ರ ಬರಬೇಡಿ, ಅವತ್ತು ಅವರಿಗೆ ರಜ.

ಅಲ್ಲಿಂದ ದೊಡ್ಡ ಬಸವನ ಗುಡಿಗೆ ಸುಮಾರು ಒಂದು ಕಿಲೋಮೀಟರ್. ಆಟೋ ಸಿಕ್ಕಿದಷ್ಟು ದೂರ ಆಟೋದಲ್ಲೇ ಹೋಗಿ. ಗುಡಿಗೆ ಮೆಟ್ಟಿಲು ಇವೆ. ಮಂಡಿ ಒಪ್ಪದಿದ್ದರೆ ಕೆಳಗಿನ ದೊಡ್ಡ ಗಣಪತಿಯ ಹತ್ತಿರ ಕೂರಲಿ. ಮಗಳಿಗೆ ಕಡಲೆಕಾಯಿ ಕೊಡಿಸಿ. ಬೇಯಿಸಿದ್ದಾದರೆ ಹಬೆಯಾಡುವುದನ್ನೇ ತಗೊಳ್ಳಿ. ಹಸೀದು ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಕಹಿ ಬೀಜ, ಬೂಸ್ಟು ಹಿಡಿದ ಬೀಜ ಸಿಕ್ಕರೆ ಉಗಿಯಲು ಹೇಳಿ. ನೀರು ಮನೆಯಿಂದ ತಂದದ್ದೇ ಇರಲಿ. ಚೀಲದಲ್ಲಿ ಎರಡು ಓಆರ್‌ಎಸ್ ಪೊಟ್ಟಣ ಇರಲಿ. ಅಕಸ್ಮಾತ್ ಭೇದಿಯಾದರೆ ಮೊದಲ ಮದ್ದು ಅದೇ. ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಏರಿದರೆ, ಮಗು ಆರು ಗಂಟೆ ಮೂತ್ರ ಮಾಡದಿದ್ದರೆ ಡಾಕ್ಟರ ಹತ್ತಿರ ಹೋಗಲು ತಡ ಮಾಡಬೇಡಿ. ವಾಂತಿಯೋ ಭೇದಿಯೋ ಅಪ್ಪನಿಗೇ ಶುರುವಾಗಿ ಊಟ ನಿಲ್ಲದಿದ್ದರೆ ಶುಗರ್ ಮಾತ್ರೆ ಮುಂದುವರಿಸಬೇಕಾ ಅಂತ ಅವತ್ತೇ ಅವರ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಹತ್ತೂವರೆಯೊಳಗೆ ಎಲ್ಲ ಮುಗಿಸಿ ರೂಮಿಗೆ ಹೋಗಿ ಮಲಗಿ. ಸಂಜೆ ವಿ.ವಿ. ಪುರಂ ತಿಂಡಿ ಬೀದಿಗೆ ಹೋಗುವ ಆಸೆ ಇದ್ದರೆ ನೀವು, ನಿಮ್ಮನೆಯವರು ಮಾತ್ರ ಹೋಗಿ. ಕಾವಲಿಯಿಂದ, ಬಾಣಲೆಯಿಂದ ನೇರ ಬರುವುದನ್ನಷ್ಟೇ ತಿನ್ನಿ.

ಮಾರನೇ ದಿನ ಪರಿಷೆಯ ಗದ್ದಲ ಬಿಟ್ಟು, ಅಪ್ಪನನ್ನು ಕಾರಿನಲ್ಲಿ ಬೇಗೂರಿಗೆ ಕರೆದುಕೊಂಡು ಹೋಗಿ. ಆ ಕಲ್ಲು ಅಲ್ಲಿ ದೇವಸ್ಥಾನದ ಆವರಣದಲ್ಲೇ ಇದೆ. ಅದರ ಮುಂದೆ ನಿಂತು 'ಬೆಂಗಳೂರ ಕಾಳಗ' ಅಂದರೇನು, ಕಥೆ ಯಾಕೆ ಸುಳ್ಳು ಅಂತ ಮೊಮ್ಮಗಳಿಗೆ ಅವರೇ ಹೇಳಲಿ. ಅವರಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇರಿ.